ಏಕಾದಶಿಯ ನಾಡಿ

ಕಮಲಾಪುರದ ದವಾಖಾನೆಯ ಡಾಕ್ಟರ್ ತಿರುಮಲರಾಯನಿಗೆ ಒಂದು ಚಟವಿತ್ತು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವನು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಿದ್ದ. ಜಗ್ಗಿದ್ದರಿಂದಲೇ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಜಗ್ಗುತ್ತಿದ್ದ. ಕೆಮ್ಮಿಗೆ ಔಷಧಿ ಕೊಟ್ಟು ಕಳಿಸಿದ ರೋಗಿಯ ಬೆನ್ನು ಹತ್ತಿ ಸಂತೆಯವರೆಗೂ ಓಡಿಹೋಗಿ, "ಊಟಕ್ಕ ಮೊದಲಲ್ಲಪ್ಪೋ, ಊಟ ಆದ ಮ್ಯಾಲೆ!" ಎಂದು ಕೂಗಿದ್ದೂ ಉಂಟು. ಮದರಾಸಿನಲ್ಲಿ ಓದುವಾಗ ಅವನ ಗುರುಗಳು, ಅನುಮಾನವೇ ಒಳ್ಳೆಯ ವೈದ್ಯನ ಲಕ್ಷಣ ಎಂದು ಹೇಳಿಕೊಟ್ಟಿದ್ದರು. ಎಷ್ಟು ಅನುಮಾನ ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಅಂಥವನ ದವಾಖಾನೆಯ ಮುಂದೆ ಒಂದು ಮುಂಜಾನೆ ಹಂಪಿಯ ಕಡೆಯಿಂದ ಎತ್ತಿನ ಗಾಡಿಯೊಂದು ಬಂದು ನಿಂತಿತು. ಗಾಡಿಯೊಳಗೆ ಹೊಳೆದಂಡೆಯ ರಾಮದೇವರ ಗುಡಿಯ ಅರ್ಚಕ ಶೀನಪ್ಪಾಚಾರಿ ಮೆತ್ತೆಗೆ ಒರಗಿ ಕೂತಿದ್ದ. ಗಾಡಿಯ ಹಿಂದೆ, ಧೂಳು ಮೈಗೆ ತಾಗದಷ್ಟು ದೂರದಲ್ಲಿ, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಮುದುಕಿಯೊಬ್ಬಳು ನಡೆದು ಬರುತ್ತಿದ್ದಳು. ಆಕೆ ಶೀನಪ್ಪಾಚಾರಿಯ ಸೋದರತ್ತೆ ರಾಧಾಬಾಯಿ. ಗಾಡಿಯ ಮೆತ್ತೆಯ ಮೇಲೆ ಊರಿನ ಜನವೆಲ್ಲ ಕೂತಿರುತ್ತಾರೆ. ಮಡಿಯ ಹೆಂಗಸು ಅದರ ಮೇಲೆ ಕೂಡುವುದುಂಟೆ?

ಏದುಸಿರು ಬಿಡುತ್ತ ಗಾಡಿಯಿಂದ ಇಳಿದ ಶೀನಪ್ಪಾಚಾರಿಯ ಕೈಯನ್ನೇ ತಿರುಮಲರಾಯ ಹಿಡಿದುಕೊಂಡ. "ಕುಂದ್ರಿ, ಕುಂದ್ರಿ. ಎಷ್ಟು ದಿವಸದಿಂದ ಹಿಂಗ?"

"ಅಯ್ಯ, ರೋಗಿ ನಾನಲ್ಲರೀ. ನಮ್ಮತ್ತಿ. ವಯಸ್ಸಾತು ನೋಡ್ರಿ, ಎಂಬತ್ತರ ಆಸುಪಾಸು."

"ಯಾರು ಹೇಳಿದ್ರೋ ನಿನಗ, ಶೀನ್ಯಾ?" ಹಿಂದಿನಿಂದ ಮುದುಕಿಯ ದನಿ ಬಂತು. "ದೊಡ್ಡ ಬರ ಬಿದ್ದಾಗ ನನಗ ಹಾಲುಹಲ್ಲು ಬೀಳ್ತಿದ್ದವು. ಡಾಕ್ಟರಪ್ಪಾ, ಲೆಕ್ಕ ನೀನ ಹಾಕ್ಕೋ."

ತಿರುಮಲರಾಯ ಬೆರಳು ಮಡಿಸಿ ಲೆಕ್ಕ ಹಾಕಿದ. ಎಪ್ಪತ್ತಕ್ಕೆ ಒಂದೆರಡು ಕಡಿಮೆಯೇ ಬಂತು. ತಪ್ಪಿತೇನೋ ಎಂದು ಮತ್ತೆ ಹಾಕಿದ.

ಆಕೆಗೆ ಎಡಗಲ್ಲದ ಒಳಗೆ ಹುಣ್ಣಾಗಿತ್ತು. ಬಾಯಿ ನೋಡಲು ಅವನು ತನ್ನ ಚಮಚ ತೆಗೆದದ್ದೇ ತಡ, ರಾಧಾಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು. "ಅದು ಊರವರ ಬಾಯಾಗೆಲ್ಲ ಹೋಗಿ ಬಂದದ್ದು!" ಎಂದು ಸೊಂಟದಿಂದ ತನ್ನದೇ ಬೆಳ್ಳಿ ಚಮಚ ತೆಗೆದು, ತಾನೇ ಗಲ್ಲ ಅಗಲಿಸಿ, ಸೂರ್ಯನ ಕಡೆಗೆ ಬಾಯಿ ತೆರೆದು ನಿಂತಳು. ತಿರುಮಲರಾಯ ಬಗ್ಗಿ, ಬಾಗಿ, ಕೊನೆಗೆ ಮಂಡಿಯೂರಿ ನೋಡಿದ. ಹುಣ್ಣು ಕಡಲೆಬೇಳೆಯಷ್ಟೇ ಇತ್ತು. ಆದರೆ ಅದರ ಅಂಚು ಗಟ್ಟಿಯಾಗಿ ಎದ್ದಿತ್ತು.

"ಬಾಯಾಗ ತಂಬಾಕಿನ ಕಡ್ಡಿಪುಡಿ ಇಟ್ಕೋತೀರೇನು, ಅಜ್ಜೀ?"

ಶೀನಪ್ಪಾಚಾರಿ ಆಕಾಶ ನೋಡತೊಡಗಿದ.

"ಹಲ್ಲುನೋವಿಗೆ ಒಂದು ಚಿಟಿಕಿ," ಎಂದಳು ರಾಧಾಬಾಯಿ.

"ಆ ಕಡಿ ಹಲ್ಲ ಇಲ್ಲಲ್ಲ?"

"ಮತ್ತ? ಪುಡಿ ಹಚ್ಚಿ ಹಚ್ಚಿ ನೋವೂ ಹೋತು, ಹಲ್ಲೂ ಹೋದವು. ಗುಣ ಅಂದ್ರ ಹಂಗ ಇರಬೇಕು!"

ಅವನು ಯಾರ ಬಾಯಿಗೂ ಹೋಗದ ಹೊಸ ಕತ್ತಿ ತೆಗೆದು, ಹುಣ್ಣಿನ ಅಂಚಿನಿಂದ ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆಂದು ಮದರಾಸಿಗೆ ಕಳಿಸಿದ. ಸೀಸೆಯ ಬಿರಡೆಯನ್ನು ಎಷ್ಟು ಸಲ ತಿರುಗಿಸಿ ನೋಡಿದನೆಂಬುದನ್ನು ಕೇಳಬೇಡಿ. ಉತ್ತರ ಬಂತು. ಅದು ಕ್ಯಾನ್ಸರ್ ಎಂದೇ ಇತ್ತು.

ಸುದ್ದಿ ಹೇಳಲು ತಿರುಮಲರಾಯ ತಾನೇ ಹಂಪಿಗೆ ಹೋದ. ಬಾಗಿಲಲ್ಲೇ ಶೀನಪ್ಪಾಚಾರಿ ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡ. "ಅತ್ತಿಗೆ ಹೇಳಬ್ಯಾಡ್ರಿ. ಕೇಳಿದ ಕೂಡಲೇ ಎದಿ ಒಡಕೊಂಡು ಹೋಗ್ತಾಳ. ಇದ್ದಷ್ಟು ದಿವಸ ಇರಲಿ, ಪಾಪ."

"ಶೀನ್ಯಾ," ಒಳಗಿನಿಂದ ಕೂಗು ಬಂತು, "ಕಂಬದ ಹಿಂದ ನಿಂತು ಪಿಸಿಪಿಸಿ ಅನ್ನಬ್ಯಾಡ. ಕಿವಿ ಇಲ್ಲದ್ದು ಕಂಬಕ್ಕ. ನನಗ ಅವ."

ಡಾಕ್ಟರ್ ಒಳಗೆ ಹೋದ. ಆಕೆ ಗಳುವಿನ ಮೇಲೆ ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಹಾಕುತ್ತಿದ್ದಳು. ಗಳು ಅವನ ಕೈಗೂ ಎಟುಕದಷ್ಟು ಎತ್ತರದಲ್ಲಿತ್ತು.

"ಇದು ಬರೇ ಹುಣ್ಣಲ್ಲ, ಅಜ್ಜೀ. ಬಿಟ್ರ ಬೆಳೀತದ. ಮೊದಲು ಗಲ್ಲ, ಆಮ್ಯಾಲೆ ದವಡಿ. ಬಾಯಿ ತೆರೀಲಿಕ್ಕೆ ಬರಂಗಿಲ್ಲ. ಈಗ ಸಣ್ಣದದ, ಕೊಯ್ದರ ಪೂರಾ ಹೋಗಬಹುದು. ಆದ್ರ ಕ್ಲೋರೋಫಾರಂ ಕೊಡಬೇಕು, ಅದನ್ನ ಮೈ ತಡೀಬೇಕು. ನಿಮ್ಮ ಮೈ ತಡೀತದ ಅಂತ ನಾ ಅಂದ್ಕೊಂಡೀನಿ, ಆದ್ರ ನಾ ಅಂದ್ಕೊಂಡದ್ದು ಖರೇ ಇರಬೇಕಂತ ಏನಿಲ್ಲ, ಯಾಕಂದ್ರ…"

"ಡಾಕ್ಟರಪ್ಪಾ, ನೀ ಮೊದಲು ಕುಂದರು. ನಿನ್ನ ನೋಡಿದ್ರ ನನಗ ಅಂಜಿಕಿ ಬರ್ತದ."

ಅವನು ಕೂತ. ಆಕೆ ಕೋಲನ್ನು ಗೋಡೆಗೆ ಒರಗಿಸಿದಳು.

"ಸಾಯಲಿಕ್ಕೆ ನಾ ಅಂಜಂಗಿಲ್ಲ. ಬಾಯಿ ಮುಚ್ಚಿಕೊಂಡು ಬದುಕಲಿಕ್ಕೆ ಅಂಜ್ತೀನಿ. ಮುಂಜಾನೆ ದೇವರ ಹಾಡು ಹೇಳಬೇಕು, ಮಧ್ಯಾಹ್ನ ಶೀನ್ಯಾನ್ನ ಬೈಬೇಕು. ಎರಡೂ ಇಲ್ಲದ ಮ್ಯಾಲೆ ನಾ ಇದ್ದು ಏನು ಮಾಡ್ಲಿ? ಕೊಯ್ಯಸು."

ಕೊಯ್ಯಿಸುವುದು ತಿರುಮಲರಾಯನ ಕೈಯಲ್ಲಿರಲಿಲ್ಲ. ತಿಂಗಳಿಗೊಮ್ಮೆ ಬಳ್ಳಾರಿಯಿಂದ ಸರ್ಜನ್ ಕೊಂಡಲರಾಯರು ಬರುತ್ತಿದ್ದರು. ಅನಂತಪುರದ ಕಡೆಯವರು, ದಂಡಿನಲ್ಲಿ ಇದ್ದು ಬಂದವರು, ಈಗ ಹೊಟ್ಟೆ ಬಂದ ದೊಡ್ಡ ಮೈಯ ಆಳು. ಅವರು ಕತ್ತಿ ಹಿಡಿದರೆ ಎರಡು ಮಾತಿಲ್ಲ. ಆದರೆ ಹಿಡಿಯಬೇಕೋ ಬೇಡವೋ ಎಂಬುದನ್ನು ರೋಗಿಯನ್ನು ಒಂದು ಸಲ ನೋಡಿ ಹೇಳಿಬಿಡುತ್ತಿದ್ದರು, ಹೇಳಿದ ಮೇಲೆ ಮುಗಿಯಿತು. ಈ ಸಲ ಬಂದು ಹೋದರೆ ಅವರಿಗೆ ಮಳೆಗಾಲ ಕಳೆಯುವವರೆಗೆ ರಜೆ. ಅಷ್ಟರಲ್ಲಿ ಹುಣ್ಣು ದವಡೆಗೆ ಇಳಿದರೆ ಯಾರ ಕತ್ತಿಯೂ ನಡೆಯದು. ಅದಕ್ಕೇ ತಿರುಮಲರಾಯ ಗೋಡೆಗೆ ತೂಗಿದ ಕ್ಯಾಲೆಂಡರಿನ ಮುಂದೆ ನಿಂತು, ಸರ್ಜನರು ಬರುವ ತಾರೀಖಿಗೆ ಬೆರಳಿಟ್ಟು ಮತ್ತೆ ಮತ್ತೆ ನೋಡಿ, ರಾಧಾಬಾಯಿಗೆ ಹೇಳಿ ಕಳಿಸಿದ. ಅದು ಮದರಾಸಿನ ಔಷಧದ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಬಿಸ್ಕತ್ತು ತಿನ್ನುವ ದೊರೆಸಾನಿಯ ಚಿತ್ರವಿತ್ತು, ಇಂಗ್ಲಿಷ್ ತಾರೀಖುಗಳಿದ್ದವು. ಅಷ್ಟೇ ಇತ್ತು.

ಆ ದಿನ ವೈಶಾಖದ ಬಿಸಿಲು ಬಂಡೆ ಸೀಳುವಂತಿತ್ತು. ರಾಧಾಬಾಯಿ ಅಂದೂ ಗಾಡಿಯ ಹಿಂದೆ ನಡೆದೇ ಬಂದಳು. ಬಂದವಳೇ ಗೋಡೆ ಹಿಡಿದು ಕುಸಿದು ಕೂತಳು. ಶೀನಪ್ಪಾಚಾರಿ ಬೇವಿನ ಮರದ ಕೆಳಗೆ ಅಡ್ಡಾದವನು ಏಳಲೇ ಇಲ್ಲ. ಎದ್ದಿದ್ದರೂ ಒಳಗೆ ಬರುವಂತಿರಲಿಲ್ಲ, ಸಂಬಂಧಿಕರು ಹೊರಗಿರಲಿ ಎಂದು ಸರ್ಜನರ ಅಪ್ಪಣೆಯಾಗಿತ್ತು.

ಕೊಂಡಲರಾಯರು ಆಕೆಯನ್ನು ನೋಡಿದರು. ಕಣ್ಣು ಗುಳಿಬಿದ್ದಿದ್ದವು. ತುಟಿ ಬಿರಿದಿತ್ತು. ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು.

"ನಿಮ್ಮ ಹೆಸರೇನಮ್ಮಾ?"

ಮಾತಿಲ್ಲ.

"ಇವತ್ತು ಯಾವ ವಾರ?"

ಮಾತಿಲ್ಲ. ತುಟಿ ಮಾತ್ರ ಒಳಗೊಳಗೇ ಅಲುಗುತ್ತಿತ್ತು.

"ಈಗಿನ ರಾಜ ಯಾರು, ಗೊತ್ತೆ?"

ರಾಧಾಬಾಯಿ ಬಾಯಿಯ ಮೇಲೆ ಬೆರಳಿಟ್ಟು, ಆಮೇಲೆ ಅದೇ ಬೆರಳನ್ನು ಆಕಾಶಕ್ಕೆ ತೋರಿಸಿದಳು.

"ನೋಡಿದಿರಾ," ಎಂದರು ಕೊಂಡಲರಾಯರು ಮೆಲ್ಲಗೆ, "ಮೇಲಕ್ಕೆ ಹೋಗುತ್ತೇನೆ ಎಂದು ಆಕೆಯೇ ಹೇಳುತ್ತಿದ್ದಾರೆ. ನಾಡಿ ನೂಲಿನ ಹಾಗಿದೆ. ನಾಲಿಗೆ ಒಣಗಿದೆ. ಬುದ್ಧಿಯೂ ನೆಟ್ಟಗಿಲ್ಲ. ಇಂಥವರಿಗೆ ಕ್ಲೋರೋಫಾರಂ ಕೊಟ್ಟರೆ ಮೇಜಿನ ಮೇಲೇ ಹೋಗಿಬಿಡುತ್ತಾರೆ. ಹಣ್ಣಾದ ಮರ, ಕೊಡಲಿ ಹಾಕಬಾರದಯ್ಯಾ. ಗಂಜಿ ಕೊಡಿ. ನೋವು ಹೆಚ್ಚಿದಾಗ ಅಫೀಮು ಕೊಡಿ."

"ಸರ್, ಮೊನ್ನೆ ನೋಡಿದಾಗ ಭಾಳ ಗಟ್ಟಿ…"

"ಮೊನ್ನೆ ಮೊನ್ನೆಯೇ. ಮುದಿ ದೇಹ, ದಿನಕ್ಕೊಂದು ರೀತಿ."

ತಿರುಮಲರಾಯನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಗಳುವಿನ ಮೇಲೆ ಸೀರೆ ಎತ್ತಿ ಹಾಕಿದ ಹೆಂಗಸು ಇವಳೇ ಹೌದೇ? ತಾನು ಕಂಡದ್ದೇ ಸುಳ್ಳೇ? ಗಟ್ಟಿ ಇರಲಿ ಎಂಬ ಆಸೆಯಿಂದ ಗಟ್ಟಿ ಕಂಡಳೇ? ಗಾಡಿ ಹಂಪಿಯ ದಾರಿ ಹಿಡಿಯಿತು. ಅದರ ಹಿಂದೆ ತಡವರಿಸುತ್ತ ಹೋಗುವ ಕೆಂಪು ಸೀರೆಯನ್ನು ನೋಡುತ್ತ ಅವನಿಗೆ ಬೀಗ ಜಗ್ಗುವುದೂ ಮರೆತುಹೋಯಿತು.

ಮನೆಯಲ್ಲಿ ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಲಕ್ಷ್ಮೀಬಾಯಿ ಎದುರಿಗೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು.

"ನೀ ಊಟ ಮಾಡಂಗಿಲ್ಲೇನು?"

"ಏನ್ರಿ, ಮುಂಜಾನಿಂದ ಮೂರು ಸಲ ನಾ ಹಣ್ಣು ತಿನ್ನೋದು ನೋಡೀರಿ. ಈಗ ಕೇಳ್ತೀರಲ್ಲ! ಇವತ್ತು ಏಕಾದಶಿ. ನೀವು ಮದರಾಸಿಗೆ ಹೋಗಿ ಬಂದಾಗಿಂದ ಬಿಟ್ಟೀರಿ ಅಂತ, ನಿಮಗ ಅನ್ನ ಮಾಡೀನಿ."

ತಿರುಮಲರಾಯ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟ. "ಏಕಾದಶಿ! ಮಡಿ ಹೆಂಗಸರು ಇವತ್ತು ನೀರು…"

"ಒಂದು ಹನಿ ಮುಟ್ಟಂಗಿಲ್ಲ. ಹಠದವರು ಮಾತೂ ಆಡಂಗಿಲ್ಲ, ಮನಸ್ಸಿನಾಗ ಜಪ ಮಾಡ್ತಾರ. ನಮ್ಮ ಅಜ್ಜಿ ಹಂಗ ಬಾಯಿ ಮ್ಯಾಲೆ ಬೆರಳಿಟ್ಟು ಮ್ಯಾಲೆ ತೋರಸ್ತಿದ್ದಳು. ಇವತ್ತಿನ ಮಾತು ದೇವರಿಗೆ ಅಂತ."

"ನನಗ ಯಾಕ ಹೇಳಲಿಲ್ಲ ನೀ!"

"ಆಪರೇಶನ್ ಮಾಡೋರಿಗೆ ಏಕಾದಶಿ ಗೊತ್ತಿರಂಗಿಲ್ಲ ಅಂತ ನನಗೆಲ್ಲಿ ಗೊತ್ತು?"

ಅವನು ಕೈ ತೊಳೆದನೋ ಇಲ್ಲವೋ, ಸರ್ಜನರು ಇಳಿದುಕೊಂಡಿದ್ದ ಬಂಗಲೆಗೆ ಓಡಿದ. ಕೊಂಡಲರಾಯರು ಮಧ್ಯಾಹ್ನದ ನಿದ್ದೆ ಮುಗಿಸಿ ಟೀ ಕುಡಿಯುತ್ತಿದ್ದರು. ಎಲ್ಲವನ್ನೂ ಕೇಳಿ ನಕ್ಕರು. "ಉಪವಾಸ ಎಲ್ಲರೂ ಮಾಡುತ್ತಾರಯ್ಯಾ. ನಮ್ಮ ತಾಯಿಯೂ ಮಾಡುತ್ತಿದ್ದರು, ಹೀಗೆ ಕುಸಿದು ಬೀಳುತ್ತಿರಲಿಲ್ಲ."

"ಬಿಸಿಲಿನಾಗ ಇಷ್ಟು ದೂರ ನಡೆದಿದ್ದರೇನು, ಸರ್?"

ಮಾತು ಬಾಯಿಂದ ಬಿದ್ದ ಮೇಲೆ ತಿರುಮಲರಾಯನಿಗೇ ಗಾಬರಿಯಾಯಿತು. ಸರ್ಜನರು ಕಪ್ಪು ಕೆಳಗಿಟ್ಟರು. "ನನ್ನ ತೀರ್ಮಾನ ಹೇಳಿ ಆಗಿದೆ. ನಾಳೆ ಬೆಳಿಗ್ಗೆ ಹಂಪಿ ನೋಡಿ ಸಂಜೆಯ ರೈಲಿಗೆ ಹೋಗುತ್ತೇನೆ. ದಾರಿ ತೋರಿಸುವವರು ಯಾರಾದರೂ ಇದ್ದರೆ ಹೇಳಿ."

ಮನೆಗೆ ಬಂದು ಅವನು ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ನೋಡಿ ಲಕ್ಷ್ಮೀಬಾಯಿಗೆ ನಗು ಬಂತು. "ದಾರಿ ತೋರಸ್ರಿ ಅಂತ ಅವರ ಬಾಯಿಂದನ ಬಂದದ. ತೋರಸ್ರಲ್ಲ! ಹೊಳಿ ದಾರಿ ತೋರಸ್ರಿ. ನಾಳೆ ದ್ವಾದಶಿ. ಸೂರ್ಯ ಹುಟ್ಟಿದ ಕೂಡಲೇ ಆಕಿ ಉಪವಾಸ ಬಿಟ್ಟು ಪಾರಣಿ ಊಟ ಮಾಡಿರ್ತಾಳ. ಆಮ್ಯಾಲೆ ನೀರು ತರಲಿಕ್ಕೆ ಬಂದ ಬರ್ತಾಳ. ಮಡಿನೀರು ಬ್ಯಾರೆಯವರು ತರಂಗಿಲ್ಲಲ್ಲ?"

"ಇದು ಮೋಸ ಆಗಂಗಿಲ್ಲೇನು?"

"ಹೊಳಿ ತೋರಸೋದು ಯಾವ ಸೀಮಿ ಮೋಸ? ಬಿದ್ದುಕೋರಿ ಸುಮ್ನ."

ಮರುದಿನ ಬಿಸಿಲು ಏರುವ ಮೊದಲೇ ತಿರುಮಲರಾಯ ಸರ್ಜನರನ್ನು ಹಂಪಿ ಬಜಾರಿನ ಉದ್ದಕ್ಕೂ ನಡೆಸಿಕೊಂಡು, ಕಲ್ಲುಮಂಟಪಗಳನ್ನು ದಾಟಿ, ಹೊಳೆಯ ಕಡೆಗೆ ಇಳಿದು ಏರುವ ಬಂಡೆಗಳ ದಾರಿಗೆ ತಂದ. ದಾರಿಯೆಂದರೆ ಒಬ್ಬರು ಹೋಗುವಷ್ಟು ಸಂದು. ಕೊಂಡಲರಾಯರು ಒಂದು ಬಂಡೆ ಹತ್ತಿ ಇಳಿದರು, ಇನ್ನೊಂದು ಹತ್ತಿ ಅಲ್ಲೇ ಕೂತುಬಿಟ್ಟರು. ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಆಗ ಕೆಳಗಿನಿಂದ ಕೂಗು ಕೇಳಿತು. "ಸರೀರಿ! ಸರೀರಿ! ಮಡಿ! ಯಾರದು ದಾರಿಗಡ್ಡ ಕುಂತವರು, ಗುಂಡುಕಲ್ಲಿನ ಹಂಗ?"

ಒದ್ದೆ ಸೀರೆಯುಟ್ಟ ಮುದುಕಿಯೊಬ್ಬಳು ಸೊಂಟದಲ್ಲಿ ತುಂಬಿದ ತಾಮ್ರದ ಕೊಡ ಹೊತ್ತು, ಬರಿಗಾಲಲ್ಲಿ ಬಂಡೆಯ ಮೇಲೆ ಬರುತ್ತಿದ್ದಳು. ಬರುತ್ತ ಹಾಡು ಬೇರೆ ಗುನುಗುತ್ತಿದ್ದಳು. ಕೊಂಡಲರಾಯರು ಗಡಬಡಿಸಿ ಎದ್ದು, ಹೊಟ್ಟೆಯನ್ನು ಒಳಗೆಳೆದುಕೊಂಡು, ಬೆನ್ನನ್ನು ಬಂಡೆಗೆ ಅಂಟಿಸಿ ನಿಂತರು. ಆಕೆ ಒಂದು ಹನಿ ಚೆಲ್ಲದೆ ಅವರನ್ನು ದಾಟಿ ಮೇಲೆ ಹೋಗಿ, ಕೊಡವನ್ನು ಕಲ್ಲಿನ ಮೇಲೆ ಇಳಿಸಿ, ತಿರುಗಿ ನೋಡಿದಳು.

"ಅಯ್ಯ, ಡಾಕ್ಟರಪ್ಪಾ! ನೀನೇನು?"

"ಯಾರಿವರು?" ಎಂದು ಸರ್ಜನರು ಪಿಸುಗುಟ್ಟಿದರು.

"ನಿನ್ನೆ ನೋಡಿದ್ರಲ್ಲ, ಸರ್. ಅದ ಅಜ್ಜಿ."

"ಸಾಧ್ಯವೇ ಇಲ್ಲ. ಆಕೆಯ ತಂಗಿ ಇರಬೇಕು."

"ತಂಗಿ ತೀರಿಕೊಂಡು ಭಾಳ ವರ್ಷಾತು," ಎಂದಳು ರಾಧಾಬಾಯಿ. "ಓ, ನಿನ್ನೆ ನನ್ನ ಪರೀಕ್ಷಾ ತಗೊಂಡ ದೊಡ್ಡ ಡಾಕ್ಟರ್ ನೀವ ಅಲ್ಲೇನು? ನಿನ್ನೆ ನಾ ಮೌನ ಇದ್ದೆ, ಇವತ್ತು ಹೇಳ್ತೀನಿ, ತಗೋರಿ. ಹೆಸರು ರಾಧಾಬಾಯಿ. ನಿನ್ನೆ ಮಂಗಳವಾರ, ವೈಶಾಖ ಶುದ್ಧ ಏಕಾದಶಿ. ರಾಜ ಯಾರು ಅಂತ ಕೇಳಿದ್ರಿ. ರಾಮದೇವರು. ಮದರಾಸಿನವರು, ವಿಲಾಯತಿಯವರು ಎಲ್ಲಾ ಅವನ ಕೈಕೆಳಗಿನ ಅಮಲ್ದಾರರು. ಇನ್ನೇನರ ಕೇಳೋದಿತ್ತೋ?"

ಕೊಂಡಲರಾಯರು ಟೊಪ್ಪಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಕೈ ಚಾಚಿದರು. "ನಾಡಿ ಒಂದು ಸಲ ನೋಡಬಹುದೆ, ಅಮ್ಮಾ? ನಿಮ್ಮ ಮಡಿ…"

"ನೋಡ್ರಿ. ಹೊಳಿ ಇಲ್ಲೇ ಅದ, ಇನ್ನೊಮ್ಮೆ ಮುಳುಗಿದ್ರಾತು."

ಅವರು ನಾಡಿ ಹಿಡಿದರು. ಅದು ನಗಾರಿಯ ಹಾಗೆ ಹೊಡೆಯುತ್ತಿತ್ತು. ಗಲ್ಲದ ಒಳಗೆ ನೋಡಿದರು. ಕತ್ತು ಒತ್ತಿ ನೋಡಿದರು, ಗಂಟಿಲ್ಲ. ಮತ್ತೊಮ್ಮೆ ನಾಡಿ ಹಿಡಿದು ಗಡಿಯಾರ ನೋಡುತ್ತ ಎಣಿಸಿದರು. ಅಷ್ಟರಲ್ಲಿ ತಿರುಮಲರಾಯ ತನ್ನ ಅಂಗಿಯ ಗುಂಡಿಯೊಂದನ್ನು ತಿರುಗಿಸಿ ತಿರುಗಿಸಿ ಕಿತ್ತೇಬಿಟ್ಟಿದ್ದ.

"ನಿನ್ನೆ ನಾನು ನೋಡಿದ್ದು ಏಕಾದಶಿಯ ನಾಡಿ," ಎಂದರು ಕೊನೆಗೆ. "ತಿರುಮಲರಾವ್, ಈಕೆಗೆ ಆಪರೇಶನ್ ಮಾಡಬಹುದು. ಮಾಡುತ್ತೇನೆ."

"ನೀವು ಮಾಡ್ತೀರಿ, ಸರಿ," ಎಂದಳು ರಾಧಾಬಾಯಿ. "ನಿಮ್ಮ ಕೈಲೆ ಮಾಡಿಸ್ಕೋತೀನಿ ಅಂತ ನಾ ಎಲ್ಲಿ ಅಂದೀನಿ?"

ತಿರುಮಲರಾಯ ಕಿತ್ತ ಗುಂಡಿಯನ್ನು ಕೈಬಿಟ್ಟ. "ಅಜ್ಜೀ! ಅವರು ಭಾಳ ದೊಡ್ಡ…"

"ದೊಡ್ಡವರು ಇರೋದು ಕಾಣಸ್ತದಲ್ಲೋ, ದಾರಿ ತುಂಬ ಇದ್ದರು. ಬಾಯಾಗ ಕತ್ತಿ ಆಡಸೋರು ಅವರು. ನನ್ನ ಅವರು ನೋಡಿದ್ರು, ಅವರನ್ನ ನಾ ನೋಡಬ್ಯಾಡೇನು? ಎರಡೂ ಕೈ ಮುಂದ ಮಾಡ್ರಿ ಸಾಹೇಬರ."

ದಂಡಿನಲ್ಲಿ ಇದ್ದು ಬಂದ ಸರ್ಜನ್ ಕೊಂಡಲರಾಯರು ಶಾಲೆಯ ಹುಡುಗನ ಹಾಗೆ ಎರಡೂ ಕೈ ಮುಂದೆ ಚಾಚಿದರು. ಬಂಡೆ ಹತ್ತಿದ ದಣಿವಿಗೆ ಬೆರಳುಗಳು ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ಅಲುಗಾಡುತ್ತಿದ್ದವು. ರಾಧಾಬಾಯಿ ಅವನ್ನು ನೋಡಿದಳು. ಅವರ ಮುಖ ನೋಡಿದಳು.

"ಮುಂಜಾನೆ ಏನರ ತಿಂದೀರಿಲ್ಲೋ? ನೀವೂ ಉಪವಾಸನೇನು?"

"ಟೀ ಮಾತ್ರ…"

"ಹಂಗಾದ್ರ ಈಗಿಂದೀಗ ನಿಮ್ಮನ್ನ ಫೇಲ್ ಮಾಡೋದು ಧರ್ಮ ಅಲ್ಲ. ಕುಂದ್ರಿ. ದಮ್ಮು ಹಾಕ್ಕೋರಿ. ಡಾಕ್ಟರಪ್ಪಾ, ನಮ್ಮ ಮನಿಗೆ ಹೋಗಿ ಶೀನ್ಯಾಗ ಹೇಳು, ಪಾರಣಿ ಪಾಯಸ ಉಳಿದದ, ಒಂದು ಬಟ್ಟಲು ತರಲಿ. ಎಲ್ಲಾ ಅವನ ತಿಂದು ಕುಂತಿದ್ದರ ಕೂಗಿ ಹೇಳು, ನಾ ಬರ್ತೀನಿ."

ಪಾಯಸ ಬಂತು. ಸರ್ಜನರು ಬಂಡೆಯ ನೆರಳಲ್ಲಿ ಕೂತು ಬಟ್ಟಲು ಬರಿದು ಮಾಡಿ, ನೀರು ಕುಡಿದು, ಬೆವರೊರೆಸಿಕೊಂಡು, ಯಾರೂ ಹೇಳದೆಯೇ ಮತ್ತೆ ಕೈ ಚಾಚಿದರು. ಈ ಸಲ ಹತ್ತೂ ಬೆರಳು ಬಂಡೆಯಲ್ಲಿ ಕಡೆದಿಟ್ಟಂತೆ ನಿಂತವು. ರಾಧಾಬಾಯಿ ಒಂದು ಕಣ್ಣು ಕಿರಿದು ಮಾಡಿ ಬೆರಳು ಬೆರಳನ್ನೂ ನೋಡಿದಳು.

"ಛಲೋ ಅವ. ಆತು, ಬರ್ತೀನಿ."

"ಒಂದು ಮಾತು, ಅಮ್ಮಾ. ಮುಂದಿನ ಏಕಾದಶಿ ಉಪವಾಸ ಮಾಡುವಂತಿಲ್ಲ."

"ಅದಕ್ಕ ಮೊದಲ ಕೊಯ್ದು ಮುಗಿಸಿಬಿಡ್ರಿ. ನಿಮಗೂ ತ್ರಾಸಿಲ್ಲ, ನನಗೂ ಇಲ್ಲ."

ಹಾಗೆಯೇ ಆಯಿತು. ಸರ್ಜನರು ರಜೆಯನ್ನು ಒಂದು ವಾರ ಮುಂದೆ ಹಾಕಿ, ಬಳ್ಳಾರಿಯಲ್ಲಿ ಆಕೆಯ ಗಲ್ಲದ ಹುಣ್ಣನ್ನು ಸುತ್ತಲಿನ ಒಳ್ಳೆಯ ಮಾಂಸದೊಂದಿಗೆ ತೆಗೆದು ಹೊಲಿದರು. ಅಷ್ಟು ಹೊತ್ತೂ ತಿರುಮಲರಾಯ ಆಕೆಯ ತಲೆಯ ಬಳಿ ನಿಂತು ಕ್ಲೋರೋಫಾರಂ ಹನಿಸುತ್ತಿದ್ದ. ಆ ದಿನ ಮಾತ್ರ ಅವನ ಅನುಮಾನಕ್ಕೆ ಸರಿಯಾದ ಕೆಲಸ ಸಿಕ್ಕಿತ್ತು. ಒಂದೊಂದು ಹನಿಗೂ ಉಸಿರು ನೋಡಿದ, ನಾಡಿ ನೋಡಿದ, ಮತ್ತೆ ಉಸಿರು ನೋಡಿದ. ಸಾಕು ಬಿಡಯ್ಯಾ ಎಂದು ಕೊಂಡಲರಾಯರು ಒಂದು ಸಲವೂ ಅನ್ನಲಿಲ್ಲ.

ಶ್ರಾವಣದಲ್ಲಿ ಅವನು ಗಾಯ ನೋಡಲು ಹಂಪಿಗೆ ಹೋದ. ಹೊಲಿಗೆ ಚೆನ್ನಾಗಿ ಕೂಡಿತ್ತು. ಹೊಸ ಹುಣ್ಣಿನ ಸುಳಿವಿರಲಿಲ್ಲ. ಗಲ್ಲ ಮಾತ್ರ ಬಿಗಿದು, ಆಕೆಯ ಬಾಯಿ ಸ್ವಲ್ಪ ಎಡಕ್ಕೆ ಎಳೆದುಕೊಂಡಿತ್ತು. ಅದನ್ನು ನೋಡಿ ಅವನಿಗೆ ಕಸಿವಿಸಿಯಾಯಿತು. ಇನ್ನೂ ಸಣ್ಣದಾಗಿ ಕೊಯ್ಯಬಹುದಿತ್ತೇ? ಮೊದಲೇ ಹೇಳಿ ಎಚ್ಚರಿಸಬೇಕಿತ್ತೇ?

"ಮಾತಾಡಲಿಕ್ಕೆ ತ್ರಾಸೇನು, ಅಜ್ಜೀ?"

"ಶೀನ್ಯಾನ್ನ ಕೇಳು."

"ಇಲ್ಲರೀ, ಒಂದಿಷ್ಟೂ ತ್ರಾಸಿಲ್ಲ," ಎಂದು ಒಳಗಿನಿಂದ ಶೀನಪ್ಪಾಚಾರಿಯ ನೊಂದ ದನಿ ಬಂತು.

"ಆದ್ರ ನಕ್ಕರ ಬಾಯಿ ಒಂದು ಕಡಿ ಹೋಗ್ತದಲ್ಲ, ಅಜ್ಜೀ…"

"ಒಂದು ಕಡಿಯಿಂದ ನಕ್ಕರ ಸಾಲಂಗಿಲ್ಲೇನೋ ನಿನಗ?" ಎಂದು ರಾಧಾಬಾಯಿ ಎಡಗಡೆಯಿಂದ ನಕ್ಕಳು.